ನೀಮಾಳನ್ನು ಅತಿಥಿಯೆಂದು ಬರೆದುಕೊಟ್ಟದ್ದು

ಮದುವೆಯಾಗಿ ಮುಂಬಯಿ ಹತ್ತಿರದ ಡೊಂಬಿವಲಿಗೆ ಬಂದಿಳಿದ ದಿನ, ಗಂಡನ ಮನೆಯವರ ಹೋಟೆಲಿನಲ್ಲಿ ಚೀಲ ಕೆಳಗಿಡುವ ಮೊದಲೇ ನನ್ನ ಓರಗಿತ್ತಿ ಸುಮತಿಯಕ್ಕ ಕೈಗೆ ಚಟ್ನಿ ಬಕೆಟ್ ಕೊಟ್ಟು, "ನಾಕ್ನೇ ಟೇಬಲ್ಲಿಗೆ ಹಾಕು, ಮಾತಾಡುದ್ ಮತ್ತೆ" ಎಂದರು. ನಮ್ಮ ಕುಂದಾಪುರದಲ್ಲಿ ಹೊಸ ಮದುಮಗಳನ್ನು ಕೂರಿಸಿ ಉಪಚಾರ ಮಾಡುತ್ತಾರೆ. ಇಲ್ಲಿ ನಾನು ರೇಷ್ಮೆ ಸೀರೆಯಲ್ಲೇ ಬಡಿಸುತ್ತಿದ್ದೆ, ಗಿರಾಕಿಯೊಬ್ಬ ತಲೆಯೆತ್ತಿಯೂ ನೋಡದೆ ಮರಾಠಿಯಲ್ಲಿ ಇನ್ನಷ್ಟು ಕೇಳುತ್ತಿದ್ದ. ಅಂದು ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ. ಕೈಗೆ ಬಕೆಟ್ ಕೊಡುವುದೆಂದರೆ ಮನೆಯವಳೆಂದು ಒಪ್ಪಿಕೊಂಡಂತೆ ಎಂದು ಅರ್ಥವಾಗಲು ಒಂದು ವರ್ಷ ಹಿಡಿಯಿತು.

ನೀಮಾಳಿಗೆ ಅಷ್ಟು ಕಾಲ ಬೇಕಾಗಲಿಲ್ಲ. ಟಾಂಜಾನಿಯಾದ ಹುಡುಗಿ. ನಮ್ಮ ಹೋಟೆಲಿರುವ ಕಟ್ಟಡದಲ್ಲೇ ಬಾಡಿಗೆ ಕೋಣೆಯಲ್ಲಿದ್ದು, ಠಾಣೆಯಲ್ಲಿ ರೈಲು ಬದಲಿಸಿ ನವಿ ಮುಂಬಯಿಯ ಎಂಜಿನಿಯರಿಂಗ್ ಕಾಲೇಜಿಗೆ ಹೋಗುತ್ತಾಳೆ. ಮೊದಲು ಇಡ್ಲಿಯನ್ನು ಸಕ್ಕರೆ ಹಾಕಿಕೊಂಡು ತಿನ್ನುತ್ತಿದ್ದವಳು ಎರಡೇ ತಿಂಗಳಲ್ಲಿ ಸಾಂಬಾರಿಗೆ ಉಪ್ಪು ಕಡಿಮೆ ಎಂದು ಹೇಳುವಷ್ಟಾದಳು. ನನ್ನನ್ನು ವಹಿನಿ ಎನ್ನುತ್ತಾಳೆ. ಮರಾಠಿಯಲ್ಲಿ ಅತ್ತಿಗೆ ಎಂದರ್ಥ. ಭಾನುವಾರ ಬೆಳಿಗ್ಗೆ ನಮ್ಮಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಂಥ ಒಂದು ಭಾನುವಾರ ಅವಳು ತಾನಾಗಿಯೇ ಎದ್ದು ನೀರಿನ ಜಗ್ಗು ಹಿಡಿದಳು. ಮುಂದಿನ ವಾರ ಸುಮತಿಯಕ್ಕನೇ ಕರೆದು ಬಕೆಟ್ ಕೊಟ್ಟರು. ಪ್ರೀತಿಯಿಂದಲೇ ಕೊಟ್ಟದ್ದು. ನಮಗೆ ಆಳಿನ ಕೊರತೆಯಿತ್ತು, ಅದೂ ಸುಳ್ಳಲ್ಲ.

ಕೊನೆಯ ವರ್ಷ ಅವಳು ಆರು ತಿಂಗಳು ಎಲ್ಲಾದರೂ ತರಬೇತಿ ಮಾಡಲೇಬೇಕು, ಇಲ್ಲವಾದರೆ ಪದವಿಯಿಲ್ಲ. ಕಳಂಬೋಲಿಯ ಕಬ್ಬಿಣದ ಮಾರುಕಟ್ಟೆಯ ಹತ್ತಿರ ಉಕ್ಕು ಪರೀಕ್ಷಿಸುವ ಲ್ಯಾಬೊಂದು ಜಾಗ ಕೊಡಲು ಒಪ್ಪಿತ್ತು. ಆದರೆ ನಮ್ಮ ಮಕ್ಕಳ ಹಾಗೆ ನಾಳೆಯಿಂದ ಬರುತ್ತೇನೆ ಎಂದು ಹೋಗಿ ಸೇರುವಂತಿಲ್ಲ. ವಿದೇಶಿ ವಿದ್ಯಾರ್ಥಿಗೆ ಕಾಲೇಜಿನ ಪತ್ರ ಬೇಕು. ಅದರಲ್ಲಿ ಬರೆದ ಜಾಗದಲ್ಲಿ, ಬರೆದಷ್ಟು ದಿನ ಮಾತ್ರ ತರಬೇತಿ. ಪತ್ರ ಕೊಡುವ ಮೊದಲು ಕಾಲೇಜಿನ ಮೇಡಂ, ಸ್ಥಳೀಯ ಪರಿಚಯಸ್ಥರೆಂದು ನೀಮಾ ಬರೆದಿದ್ದ ನನ್ನ ನಂಬರಿಗೆ ಫೋನ್ ಮಾಡಿ ಹುಡುಗಿ ಹೇಗೆ ಎಂದು ಕೇಳಿದರು.

ನಮ್ಮೂರಲ್ಲಿ ಹುಡುಗಿಯನ್ನು ಹೊಗಳುವುದೆಂದರೆ ಅವಳ ಕೆಲಸವನ್ನು ಹೊಗಳುವುದು. ನಾನು ಉಬ್ಬಿಹೋಗಿ, ಸೋಮಾರಿತನವೆಂದರೆ ಗೊತ್ತಿಲ್ಲ ಮೇಡಂ, ಭಾನುವಾರ ಅರ್ಧ ಹೋಟೆಲ್ ಅವಳೇ ನೋಡಿಕೊಳ್ಳುತ್ತಾಳೆ ಎಂದೆ. ಸರಿ ಎಂದು ಮೇಡಂ ಫೋನ್ ಇಟ್ಟರು. ಸಂಜೆ ನೀಮಾ ಬಾಡಿದ ಮುಖ ಹೊತ್ತು ಬಂದಳು. ಪತ್ರ ತಡೆದಿದ್ದರು. ಹತ್ತು ದಿನದೊಳಗೆ ಸಿಗದಿದ್ದರೆ ಲ್ಯಾಬಿನವರು ಬೇರೆಯವರನ್ನು ತೆಗೆದುಕೊಳ್ಳುತ್ತಾರೆ. ನನ್ನ ಹೊಗಳಿಕೆಯೇ ಅವಳಿಗೆ ಮುಳುವಾಗಿತ್ತು.

ಮರುದಿನ ಅವಳ ಜೊತೆ ನಾನೂ ಕಾಲೇಜಿಗೆ ಹೋದೆ. ಮೇಡಂ ಕೆಟ್ಟವರಲ್ಲ, ಚಹಾ ತರಿಸಿದರು. ಓದಲೆಂದು ಬಂದವಳು ಬೇರೆಡೆ ದುಡಿಯುವಂತಿಲ್ಲ, ನಾಳೆ ಯಾರಾದರೂ ಕೇಳಿದರೆ ಓದು ಅರ್ಧಕ್ಕೇ ನಿಂತು ಇವಳು ಊರಿಗೆ ಹೊರಡಬೇಕಾದೀತು ಎಂದು ಬಿಡಿಸಿ ಹೇಳಿದರು. ಸಂಬಳ ಕೊಟ್ಟಿಲ್ಲ ಮೇಡಂ ಎಂದೆ. ಮತ್ತೇನು ಕೊಡುತ್ತಿದ್ದಿರಿ ಎಂದು ಕೇಳಿದರು.

"ಊಟ" ಎಂದೆ.

ಊಟ ಹಾಕಿ ದುಡಿಸಿಕೊಂಡರೂ ದುಡಿಸಿಕೊಂಡಂತೆಯೇ ಎಂದು ಮೇಡಂ ಮೆಲ್ಲಗೆ ಅಂದರು. ನನಗೆ ಸಿಟ್ಟು ಬಂತು, ನಾಚಿಕೆಯೂ ಆಯಿತು. ಹಾಗಾದರೆ ಮೊದಲ ದಿನ ನಾನು ಹಿಡಿದ ಬಕೆಟ್ಟೂ ಅದೇ ಏನು? ಕೇಳಬೇಕೆನಿಸಿತು, ಕೇಳಲಿಲ್ಲ. ಹುಡುಗಿಯ ಒಂದು ವರ್ಷ ಪಣಕ್ಕಿತ್ತು. ಬರೆದುಕೊಡಿ ಎಂದು ಮೇಡಂ ಹಾಳೆ ಚಾಚಿದರು. ನಡೆದದ್ದನ್ನು ನಡೆದ ಹಾಗೆ ಬರೆದೆ: ಕೆಲವು ಭಾನುವಾರ ಕೈಜೋಡಿಸಿದ್ದಾಳೆ, ನಿಯಮ ತಿಳಿಯದೆ ನಾವೇ ಕರೆದೆವು, ತಪ್ಪು ನಮ್ಮದು. ಕೊನೆಗೊಂದು ಸಾಲು: ಇನ್ನು ಮುಂದೆ ಆಕೆ ನಮ್ಮಲ್ಲಿಗೆ ಅತಿಥಿಯಾಗಿ ಮಾತ್ರ ಬರುತ್ತಾಳೆ.

ಆ ಪದ ಬರೆಯುವಾಗ ಪಕ್ಕದಲ್ಲಿದ್ದ ನೀಮಾ ತನಗೆ ಬರುವ ಹಿಂದಿಯಲ್ಲಿ ಕೇಳಿದಳು: "ವಹಿನಿ, ಅಡುಗೆಮನೆಗೂ ಬರಬಾರದಾ?"

"ಬರಬಾರದು" ಎಂದು ಸಹಿ ಹಾಕಿದೆ.

ಪತ್ರ ಒಂಬತ್ತನೇ ದಿನ ಬಂತು. ಈಗ ಅವಳು ಉಕ್ಕಿನ ತುಂಡುಗಳನ್ನು ಎಳೆದು, ಮುರಿದು, ಅವುಗಳ ಬಲ ನೋಡುತ್ತಾಳೆ. ಭಾನುವಾರ ಮೂರನೇ ಮೇಜಿನಲ್ಲಿ ಕೂತು ದುಡ್ಡು ಕೊಟ್ಟು ತಿನ್ನುತ್ತಾಳೆ. ಒಮ್ಮೆ ಅಭ್ಯಾಸಬಲದಿಂದ ತಟ್ಟೆ ಎತ್ತಿಕೊಂಡು ಒಳಗೆ ಹೊರಟಳು. ಸುಮತಿಯಕ್ಕ ಗಲ್ಲಾದಿಂದ, ಅಂದರೆ ಹಣ ತೆಗೆದುಕೊಳ್ಳುವ ಕಟ್ಟೆಯಿಂದ, ಓಡಿಬಂದು ಅದನ್ನು ಕಸಿದುಕೊಂಡರು.

ಹೋದ ವಾರ ಊರಿಗೆ ಹೋಗಿದ್ದೆ. ತಮ್ಮನ ಹೊಸ ಮನೆ, ಊಟಕ್ಕೆ ಹತ್ತು ಜನ. ರೂಢಿಯಂತೆ ಸೆರಗು ಸಿಕ್ಕಿಸಿಕೊಂಡು ಸಾರಿನ ಪಾತ್ರೆಗೆ ಕೈಹಾಕಿದೆ. ತಮ್ಮನ ಹೆಂಡತಿ ನಗುತ್ತಾ ಪಾತ್ರೆ ಎಳೆದುಕೊಂಡಳು. "ಅತ್ತಿಗೆ, ನೀವ್ ಕೂಕಣಿ. ಅಪ್ರೂಪಕ್ಕೆ ಬಂದವ್ರು, ನಿಮಗೆಂತಕೆ ಕೆಲ್ಸ?" ಅವಳು ಆದರದಿಂದಲೇ ಹೇಳಿದ್ದು. ನಾನು ಕೂತು ಉಂಡೆ.

ಭಾನುವಾರ ಬೆಳಿಗ್ಗೆ ಡೊಂಬಿವಲಿಗೆ ಮರಳಿದಾಗ ಹೋಟೆಲ್ ತುಂಬಿ ಹೊರಗೂ ಜನ ನಿಂತಿದ್ದರು. ಚೀಲ ಇಡಲೂ ಬಿಡದೆ ಸುಮತಿಯಕ್ಕ ಕೈಗೆ ಬಕೆಟ್ ಕೊಟ್ಟರು. ಹಾಯೆನಿಸಿತು. ತಿರುಗಿದರೆ ಮೂರನೇ ಮೇಜಿನಿಂದ ನೀಮಾ ನನ್ನ ಕೈಯನ್ನೇ ನೋಡುತ್ತಿದ್ದಳು. ತಮ್ಮನ ಮನೆಯಲ್ಲಿ ಬಡಿಸುತ್ತಿದ್ದವರ ಕೈಗಳನ್ನು ನಾನೂ ಹಾಗೆಯೇ ನೋಡುತ್ತಾ ಕೂತಿದ್ದೆ.