ದ್ರಾಕ್ಷಾಯಣಿ ಆಂಟಿಯ ಐದು ಬಂಡೆಗಳು

ಸ್ಯಾನ್ ಡಿಯಾಗೊದ ಆಫೀಸಿನಲ್ಲಿ ಬೇರೆಯವರು ಬರೆದ ಸಾಫ್ಟ್‌ವೇರಿನ ತಪ್ಪು ಹುಡುಕುವುದು ನನ್ನ ಕೆಲಸ. ಸಂಬಳ ಬರುತ್ತಿತ್ತು, ರೊಟ್ಟಿ ಸಿಗುತ್ತಿರಲಿಲ್ಲ. ಹಾಗಾಗಿ ರಜೆ ಬಂದರೆ ನನ್ನ ಹಳೇ ಕಾರು ಪೂರ್ವಕ್ಕೆ, ಮರುಭೂಮಿಯ ಅಂಚಿನಲ್ಲಿದ್ದ ದ್ರಾಕ್ಷಾಯಣಿ ಆಂಟಿಯ ಎಂಟು ಕೋಣೆಗಳ ಮೋಟೆಲಿಗೆ ತಿರುಗುತ್ತಿತ್ತು. ಸಹಾಯ ಮಾಡಲು ಹೋಗುತ್ತೇನೆಂದು ರೂಮ್‌ಮೇಟ್‌ಗಳಿಗೆ ಹೇಳುತ್ತಿದ್ದೆ. ಯಾರೂ ನಂಬುತ್ತಿರಲಿಲ್ಲ.

ಆಂಟಿ ಗಜೇಂದ್ರಗಡದವರು. ಗಂಡ ರೇವಣಸಿದ್ದಪ್ಪ ಅಂಕಲ್‌ಗೆ ಲಾಸ್ ಏಂಜಲೀಸಿನ ಸ್ಯಾನ್ ಪೀಡ್ರೊ ಬಂದರಿನಲ್ಲಿ ನೌಕರಿ, ಮೋಟೆಲಿಗೆ ಬರುವುದು ರಜೆಗೆ ಮಾತ್ರ. ಮೋಟೆಲ್ ಕೊಂಡದ್ದು ಆಂಟಿಯ ಹಟಕ್ಕೆ. ಹಿತ್ತಿಲಲ್ಲಿ ಆನೆಗಳು ಮಲಗಿದಂತೆ ಐದು ಬಂಡೆ. ಅಲ್ಲಿ ಜನ ನೆಲೆನಿಂತದ್ದೇ ಅವುಗಳಿಂದ. ಬಂಡೆಗಳ ನಡುವೆ ಮಳೆನೀರು ನಿಲ್ಲುತ್ತದೆಂದು ಹಿಂದೆ ದನಗಾಹಿಗಳು ಒಡ್ಡು ಕಟ್ಟಿದರು, ಒಡ್ಡಿನ ಪಕ್ಕ ಮನೆಗಳೆದ್ದವು, ಮನೆಗಳಿಗೆ ರಸ್ತೆ ಬಂತು, ರಸ್ತೆಗೆ ಮೋಟೆಲ್. ಆಮೇಲೆ ಹೊಸ ಹೆದ್ದಾರಿ, ಫ್ರೀವೇ, ಬೇರೆ ಕಡೆ ಹಾದುಹೋಯಿತು. ಗಿರಾಕಿಗಳೂ ಅದರ ಹಿಂದೆ ಹೋದರು.

2005 ಮುಗಿಯುವಷ್ಟರಲ್ಲಿ ಅಂಕಲ್ ಕೈಚೆಲ್ಲಿದ್ದರು. ಜಲ್ಲಿ ಕಂಪನಿಯೊಂದು ಬಂಡೆಸಮೇತ ಜಾಗ ಕೇಳಿತ್ತು. ಹೊಸ ವರ್ಷ ಕಳೆದ ಕೂಡಲೇ ಸಹಿ. ಅಷ್ಟರೊಳಗೆ ಎಂಟೂ ಕೋಣೆ ತುಂಬಿದರೆ ಮಾರುವುದಿಲ್ಲ ಎಂದು ಹೆಂಡತಿಗೆ ಮಾತು ಕೊಟ್ಟಿದ್ದರು, ತುಂಬುವುದಿಲ್ಲ ಎಂಬ ಧೈರ್ಯದಲ್ಲಿ.

ಡಿಸೆಂಬರ್ ಕೊನೆಗೆ ಎಳ್ಳ ಅಮಾವಾಸ್ಯೆ ಬಂತು. ಊರಲ್ಲಾದರೆ ಹೊಲದಲ್ಲಿ ಐದು ಪುಟ್ಟ ಕಲ್ಲಿಟ್ಟು, ಸುಣ್ಣ ಹಚ್ಚಿ, ಪಾಂಡವರೆಂದು ಪೂಜಿಸಿ, ದಾರಿಯಲ್ಲಿ ಹಾಯುವವರನ್ನೆಲ್ಲ ಕರೆದು ಉಣಿಸುತ್ತಾರೆ. ಆಂಟಿಗೆ ಹೊಲವಿಲ್ಲ, ಪಾಂಡವರು ಮಾತ್ರ ಬೇಕಾದ್ದಕ್ಕಿಂತ ದೊಡ್ಡವರು. ಸುಣ್ಣದ ಬೊಟ್ಟಿಡುವ ಕೆಲಸ ನನ್ನ ಪಾಲಿಗೆ ಬಂತು. ಎಲ್ಲಕ್ಕಿಂತ ದೊಡ್ಡ ಬಂಡೆಯಾದ ಭೀಮನ ಬುಡಕ್ಕೆ ಇಟ್ಟಿದ್ದರೆ ಸಾಕಿತ್ತು. ಹಣೆಗೇ ಇಡುತ್ತೇನೆಂದು ಹತ್ತಿದೆ. ಹತ್ತುವುದು ಬಂತು, ಇಳಿಯುವುದು ಬರಲಿಲ್ಲ.

"ಲೇ ತಮ್ಮಾ, ಅಲ್ಲೇ ಇರಾಂವ ಇದ್ರ ಹೇಳು, ನಿನಗೂ ಒಂದ್ ಎಡಿ ಇಡ್ತೀನಿ," ಎಂದರು ಆಂಟಿ ಕೆಳಗಿನಿಂದ.

ಅಷ್ಟರಲ್ಲಿ ರಸ್ತೆಯಲ್ಲಿ ಎರಡು ಜೀಪು ನಿಂತವು. ಲಾಸ್ ಏಂಜಲೀಸಿನಿಂದ ಬಂಡೆ ಹತ್ತುವ ಹವ್ಯಾಸಕ್ಕೆ ಬೇರೆಲ್ಲೋ ಹೊರಟಿದ್ದ ಆರು ಮಂದಿ, ಆಕಾಶಕ್ಕೆ ಅಂಟಿದ್ದ ನನ್ನನ್ನು ಕಂಡು ಹಗ್ಗ ತಂದರು. ಇಳಿಸಿದ ಮೇಲೆ ನನ್ನತ್ತ ತಿರುಗಿಯೂ ನೋಡಲಿಲ್ಲ. ಕುದುರೆ ಕೊಳ್ಳುವವರಂತೆ ಬಂಡೆಯ ಮೈ ಸವರುತ್ತ ನಿಂತರು. ಅಮಾವಾಸ್ಯೆಯ ದಿನ ಅವರನ್ನು ಹಾಗೇ ಕಳಿಸಲು ಆಂಟಿ ಒಪ್ಪುವುದುಂಟೇ? ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಕಡುಬು, ಶೇಂಗಾ ಹೋಳಿಗೆ. ಉಂಡವರು ಜೀಪು ಹತ್ತುವ ಶಕ್ತಿಯೇ ಉಳಿಯದೆ ಮೂರು ಕೋಣೆ ಹಿಡಿದರು. ಬಂಡೆಯ ಸುದ್ದಿ, ಕಡುಬಿನ ಸುದ್ದಿ ಎರಡೂ ಫೋನಿನಲ್ಲಿ ಗೆಳೆಯರಿಗೆ ಹೋದವು. ಮರುದಿನ ಮಧ್ಯಾಹ್ನಕ್ಕೆ ಇನ್ನಷ್ಟು ಕಾರುಗಳು.

ಆ ಸಂಜೆ ಅಂಕಲ್ ಬಂದರು. ಹಿತ್ತಿಲ ತುಂಬ ಹಗ್ಗ, ಜನ, ನಗು. ತಾವು ಯಾವಾಗಲೂ ಮಲಗುವ ಕೋಣೆಯ ಬಾಗಿಲು ತಳ್ಳಿದರೆ ಒಳಗಿನಿಂದ ಚಿಲಕ.

ಆಂಟಿ ಹಿಟ್ಟಿನ ಕೈಯಲ್ಲೇ ಹೊರಬಂದರು. "ಖೋಲಿ ಒಂದೂ ಇಲ್ರಿ. ಆಫೀಸಿನ್ಯಾಗ ಚಾಪಿ ಹಾಸ್ತೀನಿ."

"ನಾ ಇದರ ಮಾಲಕ ಅದೀನಿ."

"ಅದಕ್ಕ ಚಾಪಿಗೆ ಬಾಡಿಗಿ ಇಲ್ಲ."

ಅಂಕಲ್ ಮೆಟ್ಟಿಲ ಮೇಲೆ ಕೂತರು. ಎರಡು ರೊಟ್ಟಿ ತಿಂದರು. ಆಮೇಲೆ ಜಲ್ಲಿ ಕಂಪನಿಗೆ ತಾವೇ ಫೋನ್ ಮಾಡಿ, ಅಲ್ಲಿ ಫೋನ್ ಎತ್ತುವವರಿಲ್ಲದ್ದರಿಂದ, ಬಂಡೆ ಮಾರುವುದಿಲ್ಲವೆಂದು ಮೆಸೇಜ್ ಬಿಟ್ಟರು. ಹೊಸ ವರ್ಷದ ಶುಭಾಶಯವನ್ನೂ ಸೇರಿಸಿದರು.

ಈಗ 2008. ಮುಚ್ಚಿದ್ದ ಪೆಟ್ರೋಲ್ ಬಂಕ್ ತೆರೆದಿದೆ; ಎದುರಿಗೆ ಹಗ್ಗ, ಬೂಟು ಬಾಡಿಗೆಗೆ ಕೊಡುವ ಅಂಗಡಿ. ಬಂದರಿನ ಕೆಲಸ ಬಿಟ್ಟ ಅಂಕಲ್ ಕೌಂಟರಿನಲ್ಲಿ ಕೂತು ಜಾಗವಿಲ್ಲವೆಂದು ಹೇಳುವ ಸುಖ ಅನುಭವಿಸುತ್ತಾರೆ. ಆಂಟಿ ಇನ್ನೂ ನಾಲ್ಕು ಕೋಣೆ ಕಟ್ಟಿಸುತ್ತಿದ್ದಾರೆ, ಕಿಟಕಿಗಳನ್ನೆಲ್ಲ ಬಂಡೆಗಳ ಕಡೆಗೇ ಇಡಿಸಿ.