ನಮ್ಮ ಓಣಿಯ ಖಾಲಿ ಸಾಲು

ಅಂಬಿಕಾ, ಮಲ್ಲು — ಹುಲಿಗೆಮ್ಮನ ಕಾಲು ಸೆಟೆದುಕೊಂಡಿದ್ದು ನನ್ನಿಂದ. ನೀವು ಚಿಗವ್ವ ಎಂದು ಕರೆಯುವ, ಮೇಲೋಣಿಯಿಂದ ಕಾಲೆಳೆದುಕೊಂಡು ಬರುವ ಅದೇ ಹುಲಿಗೆಮ್ಮ. ನಿಮ್ಮ ಅಜ್ಜನಿಗೂ ಇದನ್ನು ಹೇಳಲಿಲ್ಲ, ಅವರು ಹೋಗಿಬಿಟ್ಟರು. ಎದುರಿಗೆ ಕೂತು ಹೇಳುವಷ್ಟು ಬಾಯಿ ನನಗಿಲ್ಲ, ಅದಕ್ಕೇ ಬರೆದಿಡುತ್ತಿದ್ದೇನೆ.

ಎಂಬತ್ತರ ದಶಕದ ಮಾತು. ಮಸ್ಕಿ ಸುತ್ತಿನ ಹಳ್ಳಿಗಳಲ್ಲಿ ಆಗ ನಾರುಹುಣ್ಣು ಇತ್ತು — ಕಾಲಿನ ಗುಳ್ಳೆ ಒಡೆದು ಬಿಳಿ ದಾರದಂಥ ಹುಳ ಹೊರಬರುವುದು. ನಿಮ್ಮ ಅವ್ವ ಈರಮ್ಮ ಆಗ ಆರನೆಯ ತರಗತಿ. ಅವಳ ಮಾಸ್ತರರು ಲಿಂಗಸುಗೂರು ಬಸ್ಸಿಗೆ ಬರುವ ಪೇಪರಿನ ಚಿತ್ರ ಕತ್ತರಿಸಿ ಗೋಡೆಗೆ ಅಂಟಿಸಿ ಪಾಠ ಮಾಡುವವರು. ಒಂದು ದಿನ ಮೆಟ್ಟಿಲು ಬಾವಿಯ ಚಿತ್ರ, ಪಕ್ಕದಲ್ಲಿ ಹುಣ್ಣಿನ ಕಾಲು. ಹುಣ್ಣಿದ್ದವರು ನೀರಿಗಿಳಿದರೆ ಹುಳದ ಮರಿ ನೀರಿಗೆ ಸೇರುತ್ತದೆ, ಅದನ್ನು ಕುಡಿದವರಿಗೆ ವರ್ಷದ ಮೇಲೆ ಹುಣ್ಣು ಏಳುತ್ತದೆ ಎಂದರಂತೆ. ಈರಮ್ಮ ಮನೆಗೆ ಬಂದು ಎಲ್ಲ ಒಪ್ಪಿಸಿದಳು. ಗೊತ್ತಿರಲಿಲ್ಲ ಎನ್ನುವಂತಿಲ್ಲ ನಾನು.

ಮಾಸ್ತರರು ದೊಡ್ಡ ಹಾಳೆಯ ಮೇಲೆ ಓಣಿಗೊಂದು ಸಾಲು ಎಳೆದರು. ಮಕ್ಕಳು ಮನೆಮನೆ ಕೇಳಿ ಬಂದು, ಹುಣ್ಣಿದ್ದವರು ಎಷ್ಟೋ ಅಷ್ಟು ತುಂಡು ದಾರ ಅಂಟಿಸಬೇಕು. ನಮ್ಮ ಓಣಿ ಈರಮ್ಮನ ಪಾಲಿಗೆ ಬಂತು. ಎಲ್ಲ ಮನೆ ಮುಗಿಸಿ, ಎಲ್ಲೂ ಹುಣ್ಣಿಲ್ಲವೆಂದು ಬರೆದುಕೊಂಡು, ಕಡೆಗೆ ನನ್ನ ಮುಂದೆ ನಿಂತಳು.

"ಅವ್ವ, ನಮ್ಮನ್ಯಾಗ ಎಷ್ಟು ಬರೀಲಿ?"

"ಯಾರಿಗೂ ಇಲ್ಲಂತ ಬರಿ."

"ಮತ್ತ ನೀ ಕುಂಟಾಕತ್ತೀಯಲ್ಲ?"

"ಜಾಲಿಮುಳ್ಳು ನಟ್ಟೈತಿ. ಹೋಗ ಬೇ, ನಿಮ್ಮ ಮಾಸ್ತರ್‌ಗೆ ಬ್ಯಾರೆ ಕೆಲಸಿಲ್ಲ."

ಸೀರೆಯ ಅಂಚಿನ ಕೆಳಗೆ, ಹುಳದ ತುದಿಯನ್ನು, ದಿನಕ್ಕಿಷ್ಟಿಷ್ಟೇ ಎಳೆಯಲೆಂದು, ಬೆಂಕಿಕಡ್ಡಿಗೆ ಸುತ್ತಿ ಬಟ್ಟೆ ಕಟ್ಟಿಕೊಂಡಿದ್ದೆ. ಹಿಂದಿನ ವಾರವಷ್ಟೇ ಆಚೆ ಓಣಿಯ ಸೊಸೆಯೊಬ್ಬಳನ್ನು ಹುಣ್ಣೆಂದು ತವರಿಗೆ ಕಳಿಸಿದ್ದರು. "ಬಾವಿಗಿಳೀಲಾರದ ಸೊಸಿನ್ನ ಕುಂದ್ರಿಸಿ ಪೂಜಿ ಮಾಡೂದೇನು?" ಎಂದಿದ್ದರು ನಮ್ಮ ಅತ್ತೆ. ಹೆದರಿದ್ದೆ. ಆದರೆ ಸುಳ್ಳಾಡಿದ ನಾಲಿಗೆ ಅತ್ತೆಯದಲ್ಲ.

ನಮ್ಮ ಸಾಲು ಖಾಲಿ ಉಳಿಯಿತು. ದವಾಖಾನೆಯವರು ಆ ಹಾಳೆ ನೋಡಿ ಬೇರೆ ಬಾವಿಗಳಿಗೆ ಔಷಧ ಹಾಕಿದರು, ನಮ್ಮದಕ್ಕೆ ಬೇಕಿಲ್ಲ ಎಂದರು. ಮಾಸ್ತರರು ಹಾಳೆ ತೋರಿಸಿ ಊರವರಿಗೆ, "ಈ ಓಣಿ ಬಾವಿ ಚೊಲೊ ಐತಿ, ಇದರ ನೀರು ಕುಡೀರಿ" ಎಂದರು. ಈರಮ್ಮನ ಗೆಳತಿ ಹುಲಿಗೆಮ್ಮ ಕೊಡ ಹೊತ್ತು ನಮ್ಮ ಬಾವಿಗೆ ಬರತೊಡಗಿದಳು. ನಾನು ಕೆಳಮೆಟ್ಟಿಲಲ್ಲಿ, ಮೊಣಕಾಲ ಮಟ ನೀರಿನಲ್ಲಿ ನಿಂತು ಅವಳ ಕೊಡ ತುಂಬಿಕೊಟ್ಟಿದ್ದೇನೆ — ಈ ಕೈಯಿಂದಲೇ. "ಅತ್ತಿ, ನಾ ಇಳಿಯೂದು ತಪ್ಪಿಸಿದ್ರಿ ನೋಡ್ರಿ" ಎಂದು ನಗುತ್ತಿದ್ದಳು.

ಮರುವರ್ಷ ಹುಣ್ಣು ಎದ್ದದ್ದು ಅವಳ ಮೊಣಕಾಲಲ್ಲಿ. ಕೀವಾಯಿತು. ಲಿಂಗಸುಗೂರು ದವಾಖಾನೆಗೆ ಎತ್ತಿಕೊಂಡು ಹೋದರು. ಕಾಲು ಉಳಿಯಿತು, ಮಡಚಲು ಬರಲಿಲ್ಲ. ಶಾಲೆ ಬಿಟ್ಟಳು.

ಆ ವರ್ಷದ ಹಾಳೆಯಲ್ಲಿ ನಮ್ಮ ಸಾಲಿನ ತುಂಬ ದಾರ. ಮಾಸ್ತರರು ಎರಡೂ ಹಾಳೆ ಜೋಡಿಸಿ ನೋಡಿ ಎಲ್ಲರ ಮುಂದೆ, "ಈರಮ್ಮ, ನೀ ಮನಿಮನಿಗೆ ಹೋಗಿದ್ದಿಲ್ಲ, ಕುಂತಲ್ಲೇ ಬರ್ದೀದಿ" ಎಂದರಂತೆ. ಅಳುತ್ತ ಬಂದಳು. "ಅವ್ವ, ನಾ ಎಲ್ಲ ಮನಿಗೂ ಹೋಗೀನಿ. ನೀ ಬಂದು ಹೇಳು." ನಾನು ರೊಟ್ಟಿ ಬಡಿಯುತ್ತಿದ್ದೆ. ಬಡಿಯುತ್ತಲೇ ಇದ್ದೆ —

ನನ್ನ ಪಾದದ ಕಲೆಯನ್ನು ಅವಳು ನೋಡಿದಳೋ ಇಲ್ಲವೋ. ಕೇಳಿಬಿಡುತ್ತಾಳೆ ಎಂದು ಇಷ್ಟು ವರ್ಷ ಅವಳೆದುರು ಕಾಲು ಚಾಚಿ ಕೂತಿಲ್ಲ. ನಿಮ್ಮ ಅವ್ವ ಏನನ್ನೇ ಆದರೂ ಎರಡು ಸಲ ಎಣಿಸುತ್ತಾಳೆ ಎಂದು ನೀವು ನಗುತ್ತೀರಿ. ನಗಬೇಡಿ.

ಹುಲಿಗೆಮ್ಮನ ಕಾಲಿನ ಸಪ್ಪಳ ಅಂಗಳಕ್ಕೆ ಬಂದರೆ ಈಗಲೂ ಪಾದವನ್ನು ಸೀರೆಯೊಳಗೆ ಎಳೆದುಕೊಳ್ಳುತ್ತೇನೆ — ಇವತ್ತು ಗೊತ್ತಾಗಿ ಬಂದಳೇ? ಅವಳು ಕೇಳುವುದು ನೀರು. ತಂಬಿಗೆ ತುಂಬಿ ಕೊಡುತ್ತೇನೆ. ಬರುವ ಸೋಮವಾರ ಅವಳ ಮನೆಗೆ ಹೋಗುತ್ತೇನೆ. ಅಲ್ಲಿ ಬಾಯಿ ಬಿಡಲಾಗದಿದ್ದರೆ, ಇದನ್ನು ನೀವು ಅವಳಿಗೂ ನಿಮ್ಮ ಅವ್ವನಿಗೂ ಓದಿ ಹೇಳಬೇಕು.

ಮಾಸ್ತರರು ವರ್ಗವಾಗಿ ಹೋಗುವಾಗ ಬಿಟ್ಟುಹೋದ ಆ ಮೊದಲ ಹಾಳೆ ನನ್ನ ಟ್ರಂಕಿನಲ್ಲಿದೆ. ನಮ್ಮ ಸಾಲಿಗೆ ಒಂದು ತುಂಡು ದಾರ ಅಂಟಿಸಲು ಎಷ್ಟೋ ಸಲ ಕೂತೆ. ಆಗಲಿಲ್ಲ. ಅದು ಖಾಲಿಯೇ ಇರಲಿ. ಈ ಕಾಗದಗಳನ್ನು ಅದರೊಳಗೇ ಸುತ್ತಿ, ನೀರು ತಾಗದಂತೆ ಜೋಪಾನವಾಗಿಡಿ.