ಕಕ್ಕಸಿನ ಪಕ್ಕದ ಪೀಠ

ಚಪಾತಿ ಹಿಟ್ಟು ನಾದುವ ವಿಷಯದಲ್ಲಿ ನನಗೆ ಸ್ವಲ್ಪ ಜಂಭವಿದೆಯೆಂದು ಮೊದಲೇ ಹೇಳಿಬಿಡುತ್ತೇನೆ. ಮೈಸೂರಿನಲ್ಲಿ ಅಮ್ಮ ಕಲಿಸಿದ ವಿದ್ಯೆ ಅದು. ಅಂಗೈಯ ಬುಡದಿಂದ ಒತ್ತಿ, ಮಡಿಸಿ, ಮತ್ತೆ ಒತ್ತಿ, ಕೊನೆಗೆ ಚೂರು ಎಣ್ಣೆ ಸವರಿ, ಒದ್ದೆ ಬಟ್ಟೆ ಹೊದಿಸಿ ಮಲಗಿಸಿದರೆ ಹಿಟ್ಟು ಹಸುಗೂಸಿನ ಕೆನ್ನೆಯ ಹಾಗೆ ಮೆತ್ತಗಾಗಬೇಕು. ಜಪಾನಿನ ಕಾಶಿವಾಕ್ಕೆ ಬಂದು ಸಂಸಾರ ಹೂಡಿದ ಮೇಲೂ ಈ ಜಂಭಕ್ಕೆ ಧಕ್ಕೆ ಬಂದಿರಲಿಲ್ಲ. ಬಂದದ್ದು ಮೀನುಗಳ ದೆಸೆಯಿಂದ. ಬೇಳೆಕಾಳು ಸೊಪ್ಪುಸದೆ ತಿಂದು ಬೆಳೆದ ಇವಳಿಗೂ ಮೀನಿಗೂ ಎಲ್ಲಿಯ ನಂಟು ಎಂದು ನೀವು ಹುಬ್ಬೇರಿಸುವುದು ನ್ಯಾಯವೇ. ಸ್ವಲ್ಪ ತಾಳಿ, ಅದನ್ನೇ ಹೇಳಹೊರಟಿದ್ದೇನೆ.

ನಮ್ಮ ಮನೆಯಿಂದ ಸೈಕಲ್ಲಿನಲ್ಲಿ ಹೋಗಿಬರುವಷ್ಟು ದೂರದಲ್ಲಿ ಒಂದು ಕೊಳವಿದೆ. ಕೊಳದ ಅಂಚಿಗೆ ಮರದ ಕಟ್ಟೆ, ಕಟ್ಟೆಯ ಮೇಲೆ ಸಾಲಾಗಿ ಕೊಡೆಗಳು, ಒಂದೊಂದು ಕೊಡೆಯ ಕೆಳಗೂ ಒಬ್ಬೊಬ್ಬ ವೃದ್ಧರು, ಪ್ರತಿಯೊಬ್ಬರ ಕೈಯಲ್ಲೂ ಗಾಳದ ಕೋಲು. ಇಲ್ಲಿ ಹಿಡಿಯುವ ಮೀನಿಗೆ ಹೆರಾಬುನಾ ಎಂದು ಹೆಸರು. ಅದನ್ನು ಯಾರೂ ತಿನ್ನುವುದಿಲ್ಲ. ಮುಳ್ಳಿಲ್ಲದ ಕೊಕ್ಕೆಯಲ್ಲಿ ಮೇಲೆತ್ತಿ, ಬಲೆಯಲ್ಲಿ ಇಳಿಸಿಕೊಂಡು, ಲೆಕ್ಕಕ್ಕೆ ಸೇರಿಸಿ, ಹೋಗಪ್ಪಾ ಎಂದು ಮತ್ತೆ ನೀರಿಗೆ ಬಿಟ್ಟುಬಿಡುತ್ತಾರೆ. ಕೊಕ್ಕೆಗೆ ಸಿಕ್ಕಿಸುವುದೂ ಎರೆಹುಳುವನ್ನಲ್ಲ, ಕಲಸಿದ ಹಿಟ್ಟನ್ನು. ಗಂಡ ಆಫೀಸಿಗೂ ಮಗಳು ಶಾಲೆಗೂ ಹೊರಟುಹೋದ ಮೇಲೆ ನನ್ನೊಡನೆ ಮಾತನಾಡಲು ಮನೆಯಲ್ಲಿ ಉಳಿಯುತ್ತಿದ್ದದ್ದು ಅನ್ನದ ಕುಕ್ಕರು ಮಾತ್ರ; ಅದು ಮಾತನಾಡುತ್ತಿದ್ದದ್ದೂ ಜಪಾನಿಯಲ್ಲೇ. ಬೇಸರ ತಡೆಯಲಾರದೆ ಒಂದು ದಿನ ಕೊಳದ ಬಳಿ ಸೈಕಲ್ ನಿಲ್ಲಿಸಿಕೊಂಡು ನೋಡುತ್ತಿದ್ದಾಗ ಓಕಾದಾ ಸಾನ್ ಎಂಬ ಅಜ್ಜಿ ತಮ್ಮಲ್ಲಿದ್ದ ಇನ್ನೊಂದು ಕೋಲನ್ನು ನನ್ನ ಕೈಗಿತ್ತರು. ಮರುತಿಂಗಳು ನಾನು ಕ್ಲಬ್ಬಿನ ಸದಸ್ಯೆಯಾಗಿದ್ದೆ.

"ಬಿಡು, ಇದ್ರಲ್ಲಿ ಪಾಪ ಎಲ್ಲಿ ಬಂತು?" ಎಂದ ಗಂಡ ಶ್ರೀಧರ, ನನ್ನ ಅಳುಕು ನೋಡಿ. "ನೀನು ಮೀನು ಹಿಡೀತಿಲ್ಲ ಕಣೆ, ಮೀನಿಗೆ ಅನ್ನಸಂತರ್ಪಣೆ ಮಾಡ್ತಿದೀಯ. ಫುಲ್ ಪುಣ್ಯ, ಝೀರೋ ರಿಸ್ಕ್."

ಮೀನು ಹಿಡೀತಿಲ್ಲ ಎಂದು ಅವನು ತಮಾಷೆಗೆ ಆಡಿದ್ದು ಅಕ್ಷರಶಃ ನಿಜವಾಯಿತು. ಕ್ಲಬ್ಬಿನಲ್ಲಿ ವರ್ಷಕ್ಕೊಮ್ಮೆ, ಶರತ್ಕಾಲದಲ್ಲಿ, ಪಂದ್ಯವಿರುತ್ತದೆ. ಹೆಚ್ಚು ಮೀನು ಹಿಡಿದವರು ಮುಂದಿನ ಇಡೀ ವರ್ಷಕ್ಕೆ ತಮಗೆ ಬೇಕಾದ ಜಾಗವನ್ನು ಮೊದಲು ಆರಿಸಿಕೊಳ್ಳಬಹುದು. ಆಮೇಲೆ ಎರಡನೆಯವರು, ಮೂರನೆಯವರು, ಹೀಗೆ. ಕಟ್ಟಕಡೆಯವರಿಗೆ ಯಾರೂ ಆರಿಸದೆ ಬಿಟ್ಟದ್ದು, ಅಂದರೆ ಕಕ್ಕಸಿನ ಪಕ್ಕದ್ದು. ನಾನು ಪ್ರತಿ ವರ್ಷವೂ ತಪ್ಪದೆ ಆ ಪೀಠವನ್ನೇ ಅಲಂಕರಿಸುತ್ತ ಬಂದೆ. ಜಪಾನಿನ ಕಕ್ಕಸು ನಮ್ಮ ದೇವರಮನೆಯಷ್ಟೇ ಚೊಕ್ಕಟವಾಗಿರುತ್ತದೆ, ನಾತದ ಮಾತೇ ಇಲ್ಲ. ಆದರೂ ಮಾನವೆಂಬುದು ಮೂಗಿಗೆ ಸಂಬಂಧಪಟ್ಟದ್ದಲ್ಲವಷ್ಟೆ. ಬೆನ್ನ ಹಿಂದೆ ಸದಾ ಬಾಗಿಲು ತೆರೆಯುವ, ಮುಚ್ಚುವ, ನೀರು ಬಿಡುವ ಸದ್ದು. ಊರಿಂದ ಫೋನು ಮಾಡಿದ ಅಕ್ಕ "ಏನೇ ಅದು ಸದ್ದು, ಜಲಪಾತದ ಹತ್ರ ಇದೀಯಾ?" ಎಂದು ಕೇಳಿದಾಗ ಹೌದೆಂದುಬಿಟ್ಟೆ.

ಸೋಲಿನ ಕಾರಣ ಮಾತ್ರ ಬಗೆಹರಿಯಲಿಲ್ಲ. ನನ್ನ ಹಿಟ್ಟನ್ನು ಕಂಡವರೆಲ್ಲ "ಎಷ್ಟು ಸುಂದರವಾಗಿದೆ!" ಎಂದು ಉದ್ಗರಿಸುತ್ತಿದ್ದರು. ನಾನು ಬೀಗುತ್ತಿದ್ದೆ. ಈ ದೇಶದಲ್ಲಿ ಹಿಟ್ಟನ್ನು ಸುಂದರವೆಂದರೆ ಅದು ಬೇರೆ ಯಾವುದಕ್ಕೂ ಬಾರದು ಎಂದರ್ಥವಿರಬಹುದೆಂಬ ಅನುಮಾನ ನನಗೆ ಬಹಳ ತಡವಾಗಿ ಬಂತು. ಅತ್ತೆ ಕಳಿಸಿಕೊಟ್ಟ ರಾಗಿ ಹುರಿಹಿಟ್ಟನ್ನು ಒಂದು ಬೆಳಿಗ್ಗೆ ಕಲಸುತ್ತಿದ್ದಾಗ ಚೂರು ಹಾರಿ ಪಾತ್ರೆ ತೊಳೆಯುವ ನೀರಿಗೆ ಬಿತ್ತು. ಬಿದ್ದದ್ದೇ ಕಂದು ಮೋಡವಾಗಿ ಬಿಚ್ಚಿಕೊಂಡು ಇಳಿಯತೊಡಗಿತು. ಆಗ ನನಗೆ ಪ್ರತಿ ವರ್ಷ ಮೊದಲು ಬರುವ ನಿಶಿಮುರಾ ಸಾನ್ ಎಂಬ ಅಜ್ಜನ ಗಾಳ ನೆನಪಾಯಿತು; ಅವರ ಹಿಟ್ಟೂ ಹೀಗೆಯೇ ನೀರಿನಲ್ಲಿ ಬಿಚ್ಚುತ್ತಿತ್ತು, ಆ ಮೋಡವನ್ನು ಹೀರಲು ಬಂದ ಮೀನುಗಳು ಕೊಕ್ಕೆಯನ್ನೂ ಹೀರಿಕೊಳ್ಳುತ್ತಿದ್ದವು. ನಾನೋ, ಚಪಾತಿಗೆ ನಾದುವಂತೆ ನಾದಿ ನಾದಿ, ಸಂಜೆಯವರೆಗೂ ಕದಲದ ಗುಂಡುಗಳನ್ನು ಇಳಿಬಿಡುತ್ತಿದ್ದೆ. ಮೀನುಗಳು ಬಂದು ಪ್ರದಕ್ಷಿಣೆ ಹಾಕಿ ಹೋಗುತ್ತಿದ್ದಿರಬೇಕು.

ಆ ಶರತ್ಕಾಲದ ಪಂದ್ಯಕ್ಕೆ ನಾನು ಹುರಿಹಿಟ್ಟಿನ ಡಬ್ಬಿ ಹೊತ್ತುಕೊಂಡೇ ಹೋದೆ. ಯಾವ ಹಿಟ್ಟಾದರೂ ಆಗಬಹುದೆಂದು ನಿಯಮವೇ ಇತ್ತು. ಆದರೆ ಕಲಸುವುದು ಎಷ್ಟು ಕಷ್ಟವಾಯಿತೆಂದರೆ ಹೇಳತೀರದು! ಅವಲಕ್ಕಿಗೆ ಚಿಮುಕಿಸುವಷ್ಟೇ ನೀರು, ಬೆರಳ ತುದಿಯಿಂದ ಕೆದಕಿದ ಶಾಸ್ತ್ರ, ಅಷ್ಟಕ್ಕೆ ನಿಲ್ಲಿಸಬೇಕು. ಅಂಗೈ ಮಾತ್ರ ಒತ್ತು ಒತ್ತು ಎಂದು ಹಟ ಹಿಡಿಯುತ್ತಿತ್ತು. ಕಲಿತದ್ದನ್ನು ಮರೆಯುವುದು ಕಲಿಯುವುದಕ್ಕಿಂತ ದೊಡ್ಡ ತಪಸ್ಸು ಎಂದು ದೊಡ್ಡವರು ಹೇಳುವುದು ಆತ್ಮಜ್ಞಾನದ ವಿಷಯದಲ್ಲಿರಬಹುದು. ನನಗದು ಹಿಟ್ಟಿನ ವಿಷಯದಲ್ಲಿ ಮನದಟ್ಟಾಯಿತು. ಉದುರುದುರಾದ ಉಂಡೆಯನ್ನು ನೀರಿಗಿಳಿಸಿ ಕಣ್ಣು ಮಿಟುಕಿಸುವುದರೊಳಗೆ ಗಾಳದ ದಾರಕ್ಕೆ ಕಟ್ಟಿದ ಬೆಂಡು ಮುಳುಗಿತು. ಮತ್ತೆ ಇಳಿಸಿದೆ, ಮತ್ತೆ ಮುಳುಗಿತು. ಕಕ್ಕಸಿಗೆಂದು ಬಂದವರು ಬಂದ ಕೆಲಸ ಮರೆತು ನನ್ನ ಹಿಂದೆ ನಿಂತರು. ಸಂಜೆ ಎಣಿಸಿದಾಗ ನಾನು ನಿಶಿಮುರಾ ಸಾನ್ ಅವರ ನಂತರದ ಸ್ಥಾನದಲ್ಲಿದ್ದೆ! ನೀರಿಗೆ ಬಾಗಿದ ಚೆರ್ರಿ ಮರದಡಿ, ಸಾಕ್ಷಾತ್ ಚಾಂಪಿಯನ್ನರ ಪಕ್ಕದ ಜಾಗವನ್ನು ಬೆರಳು ಮಾಡಿ ತೋರಿಸಿದೆ. ನನ್ನ ಹಳೆಯ ಪೀಠ ಓಕಾದಾ ಸಾನ್ ಅವರ ಪಾಲಾಯಿತು.

ಇಲ್ಲಿಗೆ ಕಥೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ಚೆರ್ರಿ ಮರದಡಿಯಲ್ಲಿ ಮೀನುಗಳಿದ್ದವು, ನೆರಳಿತ್ತು, ಗೌರವವಿತ್ತು, ಮಾತಿರಲಿಲ್ಲ. ಬೆಳಿಗ್ಗೆ ನಾನು ನಮಸ್ಕಾರ ಹೇಳಿದರೆ ನಿಶಿಮುರಾ ಸಾನ್ ತಲೆ ಬಾಗಿಸುವರು, ಸಂಜೆಯೂ ಅಷ್ಟೇ. ನಡುವೆ ಇಡೀ ದಿನ ಬೆಂಡನ್ನು ನೋಡುವುದು. ಆಗ ಹೊಳೆಯಿತು, ನನ್ನ ಹಳೆಯ ಜಾಗದ ಬೆಲೆ ಏನೆಂದು. ಕ್ಲಬ್ಬಿನವರೆಲ್ಲ ವಯಸ್ಸಾದವರು, ಆ ವಯಸ್ಸಿನಲ್ಲಿ ಯಾರೂ ತಪ್ಪಿಸಿಕೊಳ್ಳಲಾರದ ಯಾತ್ರಾಸ್ಥಳ ಅದೊಂದೇ. ಒಳಗೊಬ್ಬರಿದ್ದಾಗ ಹೊರಗೆ ಕಾಯುವವರು ನನ್ನ ಪಕ್ಕದಲ್ಲಿ ಸುಮ್ಮನೆ ನಿಲ್ಲಲಾರದೆ "ಸುಮಿಮಾಸೆನ್" ಎಂದು ಕ್ಷಮೆ ಕೇಳಿ, ಮೊದಲು ಮೋಡದ ಬಗ್ಗೆ, ಆಮೇಲೆ ಮಂಡಿನೋವಿನ ಬಗ್ಗೆ, ಕೊನೆಗೆ ಸೊಸೆಯ ಬಗ್ಗೆ ಮಾತನಾಡುತ್ತಿದ್ದರು. ನಾನು ಜಪಾನಿ ಕಲಿತದ್ದು ಯಾವ ಶಾಲೆಯಲ್ಲೂ ಅಲ್ಲ, ಆ ಬಾಗಿಲ ಬಳಿ. ಅದನ್ನು ಬಿಟ್ಟುಬಂದು ನಾನು ಮತ್ತೆ ಕುಕ್ಕರಿನ ಜೊತೆಗೇ ಕೂತಂತಾಗಿತ್ತು. ನಿಜ ಹೇಳುತ್ತೇನೆ, ಎರಡನೆಯ ಬಹುಮಾನ ಗೆದ್ದು ಅಷ್ಟು ಒಂಟಿಯಾಗಿ ನಾನೆಂದೂ ಇರಲಿಲ್ಲ.

ಬೇರೆ ದಾರಿ ಕಾಣದೆ ನಾನು ಗಳಿಗೆಗೊಮ್ಮೆ ಎದ್ದು ಕಕ್ಕಸಿಗೆ ಹೋಗತೊಡಗಿದೆ. ಅಲ್ಲಿ ಓಕಾದಾ ಸಾನ್ ಹೂವಿನ ದಿಂಬಿನ ಮೇಲೆ ಕೂತು, ಅಕ್ಕಿಯ ಬಿಸ್ಕತ್ತು ಹಂಚುತ್ತ, ಸುತ್ತ ನಾಲ್ಕು ಜನರನ್ನು ಕಟ್ಟಿಕೊಂಡು ದರ್ಬಾರು ನಡೆಸುತ್ತಿದ್ದರು. "ನೀವು ಬರುವ ಮುಂಚೆ ಇದು ನನ್ನದೇ ಜಾಗ. ನಿಮ್ಮ ಹಿಟ್ಟಿನ ಮುಂದೆ ನನಗೆ ಸೋಲಲಿಕ್ಕೇ ಆಗಲಿಲ್ಲ ನೋಡಿ," ಎಂದು ನಕ್ಕರು. ನನ್ನ ಹೊಟ್ಟೆ ಉರಿಯಿತು.

ನಾನು ಹೀಗೆ ಓಡಾಡುತ್ತಿದ್ದುದನ್ನು ನಿಶಿಮುರಾ ಸಾನ್ ಕಣ್ಣಂಚಿನಲ್ಲೇ ಗಮನಿಸುತ್ತಿದ್ದಿರಬೇಕು. ಒಂದು ದಿನ ಬೆಂಡಿನಿಂದ ದೃಷ್ಟಿ ಕೀಳದೆ, ಬಹಳ ಸಂಕೋಚದಿಂದ ಕೇಳಿದರು: "ವೈದ್ಯರಿಗೆ ತೋರಿಸಿದಿರಾ?"

ನನಗೆ ನಗು ಉಕ್ಕಿಬಂತು. ತಡೆದುಕೊಂಡು, ನನಗೆ ಬರುವ ಹರಕು ಜಪಾನಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: "ಕಾಯಿಲೆಯಲ್ಲ. ಅಲ್ಲಿ ಎಲ್ಲರೂ ಮಾತನಾಡುತ್ತಾರೆ. ಅದಕ್ಕೇ ಹೋಗುತ್ತೇನೆ."

"ಹೌದೇ," ಎಂದು ಅವರು ಗಾಳವನ್ನು ಮೇಲೆತ್ತಿ ಹೊಸ ಹಿಟ್ಟು ಸಿಕ್ಕಿಸಿದರು.

ಮುಂದಿನ ಪಂದ್ಯಕ್ಕೆ ನಾನು ಯುದ್ಧಸನ್ನದ್ಧಳಾಗಿ ಹೋದೆ. ಹುರಿಹಿಟ್ಟನ್ನು ಮನೆಯಲ್ಲೇ ಬಿಟ್ಟು, ಗೋಧಿ ಹಿಟ್ಟನ್ನು ಅಮ್ಮ ಮೆಚ್ಚುವಂತೆ ನಾದಿ, ಎಣ್ಣೆ ಸವರಿ, ಒದ್ದೆ ಬಟ್ಟೆ ಹೊದಿಸಿ ಒಯ್ದಿದ್ದೆ. ಓಕಾದಾ ಸಾನ್ ಅವರ ಬಟ್ಟಲಿನತ್ತ ಕಣ್ಣು ಹಾಯಿಸಿದರೆ ಅಲ್ಲಿಯೂ ಅಂಥದ್ದೇ ನುಣುಪಾದ ಮುದ್ದೆ! ನನ್ನಿಂದಲೇ ನೋಡಿ ಕಲಿತಿದ್ದರು, ಕಳ್ಳಿ. ಇಡೀ ದಿನ ನಾವಿಬ್ಬರೂ ಒಂದು ಮೀನನ್ನೂ ನೋಯಿಸಲಿಲ್ಲ. ಸಂಜೆ ಇಬ್ಬರದೂ ಸೊನ್ನೆ. ಕಡೆಯ ಜಾಗ ಯಾರಿಗೆಂದು ಚೀಟಿ ಎತ್ತಬೇಕೆಂದು ತೀರ್ಮಾನವಾಯಿತು.

ಅದಕ್ಕೆ ಮೊದಲು ಪದ್ಧತಿಯಂತೆ ಗೆದ್ದ ನಿಶಿಮುರಾ ಸಾನ್ ಎದ್ದು ನಿಂತರು. ಎಲ್ಲರೂ ಚೆರ್ರಿ ಮರದ ಕಡೆ ನೋಡಿದರು. ಅವರು ಮಾತ್ರ ಕಿವಿಯವರೆಗೂ ಕೆಂಪಾಗಿ, ಕೈ ಎತ್ತಿ ಕಕ್ಕಸಿನ ಕಡೆ ತೋರಿಸಿದರು. ಯಾರೂ ನಗಲಿಲ್ಲ. ಓಕಾದಾ ಸಾನ್ ಮತ್ತು ನಾನು ಅಂಟಂಟು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಒಬ್ಬರ ಮುಖ ಒಬ್ಬರು ನೋಡಿದೆವು.

ಈಗ ನಾವಿಬ್ಬರೂ ಕೊನೆಗೆ ಉಳಿದ ಎರಡು ಜಾಗಗಳಲ್ಲಿ, ಕಟ್ಟೆಯ ಆಚೆ ತುದಿಯಲ್ಲಿ ಅಕ್ಕಪಕ್ಕ ಕೂರುತ್ತೇವೆ. ಮೊನ್ನೆ ಕಕ್ಕಸಿನ ಕಡೆ ಹೋದಾಗ ಬಾಗಿಲ ಬಳಿ ಸಾಲಿತ್ತು. ನಿಶಿಮುರಾ ಸಾನ್ ನನ್ನತ್ತ ತಿರುಗಿ, ಗಂಟಲು ಸರಿಮಾಡಿಕೊಂಡು, "ಇವತ್ತು ಮೋಡ," ಎಂದರು. ಆಮೇಲೆ, "ನನ್ನ ಹೆಂಡತಿಗೆ ಮೋಡವೆಂದರೆ ಇಷ್ಟವಿತ್ತು," ಎಂದರು. ನನ್ನ ಸರದಿ ಬಂದಿತ್ತು. ಹಿಂದಿದ್ದವರನ್ನು ಮುಂದೆ ಬಿಟ್ಟು, ನಾನು ಅಲ್ಲೇ ನಿಂತೆ.